ಒಂಬತ್ತು ಪಾಯಿಂಟ್ ಎಂಟೇ ಬರಬೇಕೆ?

ಬಿ.ಎಸ್‌ಸಿ. ಮೊದಲ ಸೆಮಿಸ್ಟರಿನ ಭೌತಶಾಸ್ತ್ರದ ಬಗ್ಗೆ ಮಕ್ಕಳು ಏನೆನ್ನುತ್ತಾರೆ? ಅದರಲ್ಲಿ ನಾವು ಕೇಳಿಸಿಕೊಳ್ಳಬೇಕಾದದ್ದು ಯಾವುದು?

ಅಡಿಕೆ ಕೊಯ್ಲಿನ ಕಾಲ. ಅಣ್ಣನ ಮನೆಯ ಅಂಗಳದಲ್ಲಿ ಸಂಜೆಯ ಮೇಲೆ ಅಡಿಕೆ ಸುಲಿಯಲು ಕೂತಿದ್ದೆವು. ಸ್ವರ್ಣವಲ್ಲಿಯ ಕಡೆಯ ಹಳ್ಳಿಗಳಲ್ಲಿ ಇದು ಬರೀ ಕೆಲಸವಲ್ಲ, ಊರಿನ ಸುದ್ದಿಯೆಲ್ಲ ಬಿಚ್ಚಿಕೊಳ್ಳುವ ಹೊತ್ತೂ ಹೌದು. ಮೆಟ್ಟುಗತ್ತಿಯ ಮುಂದೆ ಕೂತ ಅಣ್ಣನ ಮಗಳು ಮಾತ್ರ ಮಾತಿಲ್ಲದೆ ಸುಲಿಯುತ್ತಿದ್ದಳು. ಬಿ.ಎಸ್‌ಸಿ. ಮೊದಲ ಸೆಮಿಸ್ಟರ್. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಒಳ್ಳೆಯ ಅಂಕ ತೆಗೆದವಳು. ಕಾಲೇಜಿನ ಮೊದಲ ಕಿರುಪರೀಕ್ಷೆಯ ಉತ್ತರಪತ್ರಿಕೆ ಆ ದಿನವಷ್ಟೇ ಕೈಗೆ ಬಂದಿತ್ತು.

'ಎಂಗೆ ಎಂತೂ ತಿಳಿತಿಲ್ಲೆ, ಚಿಕ್ಕಪ್ಪ. ಫಿಜಿಕ್ಸ್ ಬಿಟ್ಬಿಡ್ತಿ' ಎಂದಳು, ತಲೆ ಎತ್ತದೆ.

ಅಣ್ಣ ಏನೂ ಹೇಳಲಿಲ್ಲ. ಅತ್ತಿಗೆ ಮಾತ್ರ, ಮೊದಲೇ ಬಿ.ಕಾಂ.ಗೆ ಹೋಗು ಅಂದಿದ್ದೆ ಎಂದು ಗೊಣಗಿದರು. ಸುಲಿಯಲು ಬಂದ ಪಕ್ಕದ ಮನೆಯ ಹುಡುಗ ಕೊನೆಯ ವರ್ಷದ ಬಿ.ಎಸ್‌ಸಿ. ಅವನು ನಕ್ಕು, ಮೊದಲ ಸೆಮಿಸ್ಟರಿನಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ ಎಂದ. ಅಲ್ಲಿಂದ ಮಾತು ಶುರುವಾಯಿತು. ಆಮೇಲಿನ ದಿನಗಳಲ್ಲಿ ಹುಲೇಕಲ್, ಸೋಂದಾ, ಬನವಾಸಿ ಕಡೆಗಳಿಂದ ಶಿರಸಿಗೆ ಬಸ್ಸಿನಲ್ಲಿ ಓಡಾಡುವ ಮಕ್ಕಳನ್ನೂ ಸಿದ್ದಾಪುರ, ಯಲ್ಲಾಪುರದಲ್ಲಿರುವ ನೆಂಟರ ಮಕ್ಕಳನ್ನೂ ಮಾತಿಗೆಳೆದೆ. ಅವರ ಅಭಿಪ್ರಾಯಗಳಲ್ಲಿ ಕೆಲವು ಬರೀ ಗೊಣಗಾಟ. ಕೆಲವು ಮಾತ್ರ ಹಿರಿಯರಾದ ನಾವು ಕಿವಿಗೊಡಲೇಬೇಕಾದ ಮಾತು.

ಪಾಠ ಹಳೆಯದು, ಪೆಟ್ಟು ಹೊಸದು

ನಮ್ಮ ಜಿಲ್ಲೆಯ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಪಠ್ಯಕ್ರಮ ಈಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಬದಲಾಗಿದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಹೀಗಿದ್ದರೂ ಭೌತಶಾಸ್ತ್ರದ ಬಾಗಿಲು ಬದಲಾಗಿಲ್ಲ. ಒಳಗೆ ಕಾಲಿಟ್ಟವರಿಗೆ ಮೊದಲು ಎದುರಾಗುವುದು ಚಲನೆಯ ನಿಯಮಗಳು, ಸಂವೇಗ, ತಿರುಗುವ ವಸ್ತುಗಳ ಜಡತ್ವ, ಗುರುತ್ವ, ಸ್ಥಿತಿಸ್ಥಾಪಕತ್ವ, ಸ್ನಿಗ್ಧತೆ, ಮೇಲ್ಮೈ ಎಳೆತ. ಪಟ್ಟಿ ನೋಡಿದರೆ ಹತ್ತನೇ ತರಗತಿಯಿಂದ ಕೇಳಿದ ಹೆಸರುಗಳೇ.

ಇಲ್ಲಿಯೇ ಮೊದಲ ಏಟು. ಗೊತ್ತಿದ್ದ ಪಾಠ ಎಂದು ಮೊದಲ ತಿಂಗಳು ಸಡಿಲ ಬಿಟ್ಟ ಹುಡುಗ ಎರಡನೆಯ ತಿಂಗಳಿಗೆ ಕಂಗಾಲಾಗುತ್ತಾನೆ. ಪಿಯುಸಿಯಲ್ಲಿ ಗೋಳದ ಜಡತ್ವದ ಸೂತ್ರವನ್ನು ಪಟ್ಟಿಯಿಂದ ಎತ್ತಿಕೊಂಡು ಲೆಕ್ಕಕ್ಕೆ ಹಾಕಿದ್ದರೆ ಸಾಕಿತ್ತು. ಇಲ್ಲಿ ಆ ಸೂತ್ರ ಎಲ್ಲಿಂದ ಹುಟ್ಟಿತು ಎಂದು ಗೋಳವನ್ನು ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ದು, ಎಲ್ಲವನ್ನೂ ಕೂಡಿಸಿ ತೋರಿಸಬೇಕು. ಸಿಇಟಿಗಾಗಿ ಎರಡು ವರ್ಷ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸುವ ಅಭ್ಯಾಸ ಮಾಡಿದ ಕೈಗೆ ಈಗ ಎರಡು ಪುಟದ ಸಾಧನೆ ಬರೆಯುವ ಕೆಲಸ. ಇದು ಬುದ್ಧಿ ಕಡಿಮೆಯಾದ ಲಕ್ಷಣ ಅಲ್ಲ. ಆಟ ಬದಲಾದದ್ದನ್ನು ಯಾರೂ ಹೇಳಲಿಲ್ಲ, ಅಷ್ಟೆ.

ಇನ್ನೊಂದು ದೂರು ಗಣಿತದ್ದು. ಭೌತಶಾಸ್ತ್ರದ ತರಗತಿಗೆ ಬೇಕಾದ ಕಲನಶಾಸ್ತ್ರ ಗಣಿತದ ತರಗತಿಯಲ್ಲಿ ಇನ್ನೂ ಬಂದಿರುವುದಿಲ್ಲ, ಅಥವಾ ಪಿಯುಸಿಯಲ್ಲಿ ಓಡಿಸಿಕೊಂಡು ಹೋದದ್ದು ಮರೆತಿರುತ್ತದೆ. ಮೇಷ್ಟ್ರು ಹಲಗೆಯ ಮೇಲೆ ಎರಡು ಮೆಟ್ಟಿಲು ಹಾರಿ ಬರೆದರೆ ಹಿಂದಿನ ಬೆಂಚಿನವರಿಗೆ ಏಣಿಯೇ ಕಾಣುವುದಿಲ್ಲ. ಈ ದೂರು ನ್ಯಾಯವಾದದ್ದು. ಔಷಧಿಯೂ ಸುಲಭ: ಮೊದಲ ಎರಡು ವಾರ ಹಳೆಯ ಗಣಿತದ ಪುಸ್ತಕ ತೆಗೆದು ಕೂರುವುದು. ಆದರೆ ಆ ಎರಡು ವಾರದ ಬಗ್ಗೆ ಮಕ್ಕಳಿಗೆ ಮೊದಲೇ ತಿಳಿಸುವವರು ಬೇಕು.

ಇಂಗ್ಲಿಷಿನ ಗೋಡೆ, ಕನ್ನಡದ ಗೊಂದಲ

ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಮಕ್ಕಳ ಬಾಯಲ್ಲಿ ಬರುವ ಮೊದಲ ಮಾತು ಇಂಗ್ಲಿಷ್. ಪಿಯುಸಿಯ ಎರಡು ವರ್ಷ ಹೇಗೋ ಕಂಠಪಾಠದಲ್ಲಿ ದಾಟಿದವರಿಗೆ ಇಲ್ಲಿ ಗೋಡೆ ಎದುರಾಗುತ್ತದೆ. ಪ್ರಶ್ನೆ ಅರ್ಥವಾದರೂ ಎದ್ದು ನಿಂತು ಕೇಳಲು ನಾಲಗೆ ಏಳುವುದಿಲ್ಲ. ಕೇಳಿದರೆ ನಕ್ಕಾರು ಎಂಬ ಅಳುಕು.

ಇದರ ಒಳಗೆ ಇನ್ನೊಂದು ಸೂಕ್ಷ್ಮವಿದೆ. ಕನ್ನಡದ ಪಠ್ಯದಲ್ಲಿ ಬಲ ಬೇರೆ, ಶಕ್ತಿ ಬೇರೆ, ಸಾಮರ್ಥ್ಯ ಬೇರೆ. ನಮ್ಮ ಮನೆಮಾತಿನಲ್ಲಿ ಮೂರೂ ಒಂದೇ. ಜೋರಾಗಿ ಹೋಗುವ ಲಾರಿಗೆ ಬಲ 'ಇದೆ' ಎನ್ನುತ್ತೇವೆ. ಭೌತಶಾಸ್ತ್ರ ಒಪ್ಪುವುದಿಲ್ಲ. ಬಲ ಒಂದರಿಂದ ಇನ್ನೊಂದರ ಮೇಲೆ ಬೀಳುವಂಥದ್ದು, ಒಳಗೆ ತುಂಬಿಟ್ಟುಕೊಳ್ಳುವಂಥದ್ದಲ್ಲ. ತಲೆಯ ಮೇಲೆ ಹುಲ್ಲುಹೊರೆ ಹೊತ್ತು ಅಲುಗಾಡದೆ ನಿಂತವನ ಕತ್ತು ಎಷ್ಟೇ ನೋಯಲಿ, ಅವನು ಹೊರೆಯ ಮೇಲೆ ಮಾಡಿದ 'ಕೆಲಸ' ಸೊನ್ನೆ ಎನ್ನುತ್ತದೆ ಈ ಶಾಸ್ತ್ರ. ಕೂಲಿಗೆ ಬಂದವನ ಎದುರು ಇದನ್ನು ಹೇಳಿ ನೋಡಿ! ಇಂಗ್ಲಿಷಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೂ ಇದೇ ಪಾಡು. ಅವರ ಮನೆಮಾತೂ ಶಾಸ್ತ್ರದ ಮಾತೂ ಬೇರೆಯೇ. ಆದ್ದರಿಂದ ಕನ್ನಡ ಮಾಧ್ಯಮದಲ್ಲಿ ಓದಿದ್ದೇ ತನ್ನ ದೋಷ ಎಂದು ಮಗು ಕೊರಗಬೇಕಾಗಿಲ್ಲ.

ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರನ್ನು ನೆನೆಯೋಣ. 1920ರಲ್ಲಿ ಗೌರಿಬಿದನೂರಿನ ಹೊಸೂರಿನಲ್ಲಿ ಬಡ ಮನೆಯಲ್ಲಿ ಹುಟ್ಟಿ, ಹಳ್ಳಿಯ ಶಾಲೆಯಲ್ಲಿ ಅಕ್ಷರ ಕಲಿತವರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಮರಳಿ ಅದೇ ಕಾಲೇಜಿಗೆ ಬಂದು ಪಾಠ ಹೇಳಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಹಳ್ಳಿಯ ಕನ್ನಡ ಶಾಲೆ ಅವರನ್ನು ಹಿಂದಕ್ಕೆ ಎಳೆಯಲಿಲ್ಲ.

ಪ್ರಾಕ್ಟಿಕಲ್ ಎಂಬ ನಾಟಕ

ಮಕ್ಕಳು ಹೆಚ್ಚು ನಗುತ್ತಾ ಹೇಳಿದ್ದೂ ನನಗೆ ಹೆಚ್ಚು ಬೇಸರ ತಂದದ್ದೂ ಲ್ಯಾಬಿನ ಕತೆ. ಒಂದು ಪ್ರಯೋಗವನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ಉದ್ದದ ಕಂಬಿ, ಅದರುದ್ದಕ್ಕೂ ತೂತುಗಳು. ಒಂದೊಂದೇ ತೂತಿನಿಂದ ಕಂಬಿಯನ್ನು ತೂಗುಹಾಕಿ, ಅದು ಇಪ್ಪತ್ತು ಸಲ ಓಲಾಡಲು ಎಷ್ಟು ಹೊತ್ತು ಬೇಕೆಂದು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಾರೆ. ಅದರಿಂದ ಗುರುತ್ವದ ವೇಗೋತ್ಕರ್ಷವನ್ನು, ಅಂದರೆ ಎಲ್ಲರೂ 'ಜಿ' ಎಂದು ಕರೆಯುವ ಬೆಲೆಯನ್ನು ಕಂಡುಹಿಡಿಯಬೇಕು. ಪುಸ್ತಕದಲ್ಲಿ ಬರೆದದ್ದು 9.8.

ಮಗಳಿಗೆ ಬಂದದ್ದು 9.7. ಗೆಳತಿಯರು ಹೇಳಿದರಂತೆ, ಎರಡು ಓದುಗಳನ್ನು ರಬ್ಬರಿನಲ್ಲಿ ಅಳಿಸಿ ತುಸು ತಿದ್ದು, 9.8 ಬರುತ್ತದೆ. ತಿದ್ದಿದಳು, ಬಂತು. ಜರ್ನಲಿಗೆ ಸಹಿಯೂ ಬಿತ್ತು. ಎಷ್ಟೋ ಮಕ್ಕಳಿಗೆ ಇದು ಗುಟ್ಟೂ ಅಲ್ಲ. ಮೊದಲು ಉತ್ತರ, ಆಮೇಲೆ ಅದಕ್ಕೆ ಹೊಂದುವ ಅಳತೆ!

ನಾನು ಕಾಗದ ಪೆನ್ಸಿಲ್ ತಂದು ಅವಳ ಜೊತೆ ಲೆಕ್ಕ ಹಾಕಿದೆ. ಕಂಬಿ ಒಮ್ಮೆ ಓಲಾಡಲು ಸುಮಾರು 1.6 ಸೆಕೆಂಡು, ಇಪ್ಪತ್ತಕ್ಕೆ 32 ಸೆಕೆಂಡು. ಗಡಿಯಾರದ ಗುಂಡಿ ಒತ್ತುವ ಬೆರಳು 0.2 ಸೆಕೆಂಡು ಹಿಂದೆ ಮುಂದೆ ಆಗುವುದು ಸಹಜ. ಅಂದರೆ ನೂರಕ್ಕೆ 0.6ರಷ್ಟು ತಪ್ಪು. ಜಿ ಲೆಕ್ಕದಲ್ಲಿ ಕಾಲದ ವರ್ಗ ಬರುವುದರಿಂದ ತಪ್ಪು ಇಮ್ಮಡಿ, ನೂರಕ್ಕೆ ಸುಮಾರು 1.2. ಹಾಗಾದರೆ ಒಂದು ಅಳತೆಯಿಂದ 9.7 ಬಂದರೂ ಸರಿ, 9.9 ಬಂದರೂ ಸರಿ. ಆ ಉಪಕರಣ, ಆ ಬೆರಳು ಹೇಳಬಹುದಾದದ್ದು ಅಷ್ಟೇ. 9.7 ಬರೆದು, ಹೆಚ್ಚು ಕಡಿಮೆ 0.1 ಎಂದು ಪಕ್ಕದಲ್ಲಿ ಬರೆದಿದ್ದರೆ ಅದು ಪ್ರಾಮಾಣಿಕ ವಿಜ್ಞಾನ.

ಇನ್ನೂ ಒಂದು ತಮಾಷೆ ಕೇಳಿ. ಭೂಮಿ ಪೂರ್ತಿ ಗುಂಡಗಿಲ್ಲ, ಸುಮ್ಮನೆ ನಿಂತೂ ಇಲ್ಲ. ಹಾಗಾಗಿ ಜಿ ಎಲ್ಲ ಕಡೆಯೂ ಒಂದೇ ಅಲ್ಲ. ಧ್ರುವಗಳಲ್ಲಿ 9.83, ಸಮಭಾಜಕದಲ್ಲಿ 9.78. ಶಿರಸಿ ಸಮಭಾಜಕದಿಂದ ಹದಿನಾಲ್ಕೂವರೆ ಡಿಗ್ರಿಯಷ್ಟೇ ಮೇಲಿದೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿದರೆ ನಮ್ಮೂರಿನ ಜಿ 9.78. ಮಕ್ಕಳು ಅಳಿಸಿ ಅಳಿಸಿ ತಲುಪುವ 9.80 ಶಿರಸಿಯದ್ದೇ ಅಲ್ಲ! ಬೇರೆ ಯಾವುದೋ ಊರಿನ ಉತ್ತರಕ್ಕಾಗಿ ನಮ್ಮೂರಿನ ಅಳತೆಯನ್ನು ಒರೆಸಿಹಾಕುತ್ತಿದ್ದೇವೆ.

ಇದನ್ನು ಕೇಳಿ ಅವಳು ಮೊದಲ ಬಾರಿಗೆ ಕತ್ತಿ ಬದಿಗಿಟ್ಟು ತಲೆ ಎತ್ತಿದಳು.

ತೋಟದಲ್ಲೇ ಇರುವ ಪಾಠ

ಇದೆಲ್ಲ ನಮ್ಮ ಬದುಕಿಗೆ ಏನು ಸಂಬಂಧ ಎನ್ನುವುದು ಮತ್ತೊಂದು ಸಾಮಾನ್ಯ ಅಭಿಪ್ರಾಯ. ಈ ಮಾತಿಗೆ ಮಾತ್ರ ನಾನು ಸೋಲಲಾರೆ. ಸೆಮಿಸ್ಟರಿನ ಇನ್ನೊಂದು ಪ್ರಯೋಗದಲ್ಲಿ ಪಟ್ಟಿಯ ಒಂದು ತುದಿಯನ್ನು ಮೇಜಿಗೆ ಬಿಗಿದು, ಇನ್ನೊಂದು ತುದಿಗೆ ತೂಕ ತೂಗಿಬಿಟ್ಟು, ಎಷ್ಟು ಬಾಗಿತು ಎಂದು ಅಳೆಯುತ್ತಾರೆ. ಉದ್ದ ಎರಡರಷ್ಟಾದರೆ ಬಾಗುವುದು ಎಂಟರಷ್ಟು. ಇದೇ ಅಲ್ಲವೇ ನಮ್ಮ ಕೊನೆಗೌಡ ದಿನಾ ಮಾಡುವುದು? ಅಡಿಕೆ ಮರದ ಒಂದು ತುದಿ ನೆಲದಲ್ಲಿ ಬಿಗಿದಿದೆ, ಇನ್ನೊಂದು ತುದಿಯಲ್ಲಿ ಅವನು. ಮರವನ್ನು ತೂಗಿ ಪಕ್ಕದ ಮರ ಹಿಡಿಯುತ್ತಾನೆ. ಎಳೆಯ ಗಿಡ್ಡ ಮರ ಅಷ್ಟು ಬಾಗದು, ಹಳೆಯ ಉದ್ದ ಮರ ಬಿಲ್ಲಾಗುತ್ತದೆ. ಕೊನೆಯನ್ನು ಹಗ್ಗದಲ್ಲಿ ಜಾರಿಬಿಟ್ಟಾಗ ಕೆಳಗಿನವನು ದೂರ ಸರಿದು ಹಗ್ಗವನ್ನು ಓರೆ ಮಾಡುತ್ತಾನೆ. ಓರೆ ಹೆಚ್ಚಿದಷ್ಟೂ ಕೊನೆ ಇಳಿಯುವ ರಭಸ ಕಡಿಮೆ. ಆಲೆಮನೆಯಲ್ಲಿ ಬೆಲ್ಲದ ಪಾಕ ಹದಕ್ಕೆ ಬಂತೇ ಎಂದು ಸಟ್ಟುಗದಿಂದ ಇಳಿಬಿಟ್ಟು ನೋಡುವವನು ಸ್ನಿಗ್ಧತೆಯನ್ನೇ ಅಳೆಯುತ್ತಿದ್ದಾನೆ.

ಸಿದ್ದಾಪುರದ ಅಂಚಿನಲ್ಲಿ ಜೋಗವಿದೆ. 253 ಮೀಟರ್ ಎತ್ತರದಿಂದ ಬಿದ್ದ ನೀರಿನ ಶಕ್ತಿಯೆಲ್ಲ ಶಾಖವಾದರೆ ಕೆಳಗಿನ ನೀರು ಮೇಲಿನದಕ್ಕಿಂತ ಸುಮಾರು 0.6 ಡಿಗ್ರಿ ಬಿಸಿಯಾಗಿರಬೇಕು. ಜೇಮ್ಸ್ ಜೂಲ್ ಎಂಬ ವಿಜ್ಞಾನಿ 1847ರಲ್ಲಿ ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಆಲ್ಪ್ಸ್ ಪರ್ವತಕ್ಕೆ ಹೋದಾಗಲೂ ಥರ್ಮಾಮೀಟರ್ ಹಿಡಿದು ಜಲಪಾತದ ನೀರಿನ ಬಿಸಿ ಅಳೆಯಲು ಹೊರಟಿದ್ದನೆಂದು ಲಾರ್ಡ್ ಕೆಲ್ವಿನ್ ಹೇಳಿದ್ದುಂಟು. ನೀರು ತುಂತುರಾಗಿ ಹಾರಿಹೋಗುವುದರಿಂದ ಈ ಅಳತೆ ಸುಲಭವಲ್ಲ. ಆದರೆ ಅಂಥ ಪ್ರಶ್ನೆ ಎದುರಿಟ್ಟರೆ ಮಕ್ಕಳ ಕಣ್ಣು ಅರಳುತ್ತದೆ.

ಹಾರ್ವರ್ಡಿನಲ್ಲೂ ಇದೇ ಕತೆ

ಇದು ಹಿಂದುಳಿದ ಊರಿನ ಸಮಸ್ಯೆ ಎಂದುಕೊಂಡಿರಾ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಎರಿಕ್ ಮಜೂರ್ ಅವರ ಅನುಭವ ಕೇಳಿ. ಅವರು ಮೊದಲ ವರ್ಷದವರಿಗೆ ಭೌತಶಾಸ್ತ್ರ ಹೇಳುತ್ತಿದ್ದರು. ವಿದ್ಯಾರ್ಥಿಗಳು ಕೊಡುವ ಅಭಿಪ್ರಾಯದಲ್ಲಿ ಅವರಿಗೆ ಒಳ್ಳೆಯ ಅಂಕ. ಕಠಿಣ ಲೆಕ್ಕಗಳನ್ನೂ ಮಕ್ಕಳು ಬಿಡಿಸುತ್ತಿದ್ದರು. 1990ರಲ್ಲಿ ಅವರು ಸೂತ್ರವೇ ಬೇಡದ, ಬರೀ ಮಾತಿನ ಸರಳ ಪ್ರಶ್ನೆಗಳನ್ನು ಕೊಟ್ಟರು. ದೊಡ್ಡ ಲಾರಿ ಸಣ್ಣ ಕಾರಿಗೆ ಗುದ್ದಿದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬಂಥವು. ಆಗ ಒಬ್ಬ ವಿದ್ಯಾರ್ಥಿನಿ, ನೀವು ಕಲಿಸಿದಂತೆ ಉತ್ತರಿಸಲೋ, ನನಗೆ ಅನಿಸುವಂತೆ ಉತ್ತರಿಸಲೋ ಎಂಬ ಅರ್ಥದಲ್ಲಿ ಕೇಳಿದಳಂತೆ. ಫಲಿತಾಂಶ ನೋಡಿ ಮಜೂರ್ ದಂಗಾದರು. ಅಂದಿನಿಂದ ಪಾಠದ ನಡುನಡುವೆ ಒಂದು ಪ್ರಶ್ನೆ ಕೊಟ್ಟು, ಅಕ್ಕಪಕ್ಕದವರು ವಾದಿಸಿ ಉತ್ತರ ಕಂಡುಕೊಳ್ಳುವ ಕ್ರಮ ತಂದರು.

ನಾನೂ ಅಂಗಳದಲ್ಲಿ ಒಂದು ಗೋಟಡಿಕೆ ಮೇಲಕ್ಕೆ ಎಸೆದು ಕೇಳಿದೆ: ಇದು ಮೇಲೆ ಹೋಗುತ್ತಿರುವಾಗ ಇದರ ಮೇಲೆ ಯಾವ ಬಲ ಇದೆ? ಮಗಳು, ಪಕ್ಕದ ಮನೆಯ ಹುಡುಗ, ಇಬ್ಬರೂ ಕೈಯ ಬಲ ಎಂದರು. ಕೈ ಬಿಟ್ಟ ಮೇಲೆ ಕೈಯ ಬಲ ಎಲ್ಲಿಂದ ಬಂತು? ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಏರುವಾಗಲೂ ತುದಿಯಲ್ಲೂ ಇಳಿಯುವಾಗಲೂ ಇರುವುದು ಒಂದೇ, ಭೂಮಿ ಕೆಳಗೆ ಎಳೆಯುವ ಬಲ. ಕೊನೆಯ ವರ್ಷದ ಹುಡುಗ ನಾಚಿಕೊಂಡ. ನಾಚಿಕೆ ಏಕೆ? ಹಾರ್ವರ್ಡಿನವರೇ ಎಡವಿದ್ದಾರೆ.

ರಿಚರ್ಡ್ ಹೇಕ್ ಎಂಬ ಅಧ್ಯಾಪಕರು 1998ರಲ್ಲಿ 62 ತರಗತಿಗಳ ಆರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕ ಪ್ರಕಟಿಸಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ, ಮೊದಲು ಗೊತ್ತಿರದಿದ್ದ ವಿಷಯದಲ್ಲಿ ಸರಾಸರಿ ನೂರಕ್ಕೆ 23 ಪಾಲು ಮಾತ್ರ ತಲೆಗೆ ಹತ್ತಿತ್ತು. ಚರ್ಚೆ, ಕೈಕೆಲಸದ ಮೂಲಕ ಕಲಿತ ತರಗತಿಗಳಲ್ಲಿ 48 ಪಾಲು.

ಮಕ್ಕಳ ಅಭಿಪ್ರಾಯ ಎಷ್ಟು ನಂಬಬೇಕು?

ಇಲ್ಲಿ ಒಂದು ತಿರುವಿದೆ. 2019ರಲ್ಲಿ ಹಾರ್ವರ್ಡಿನಲ್ಲೇ ಲೂಯಿ ಡೆಲೋರಿಯೆ ಮತ್ತು ಸಂಗಡಿಗರು ಮೊದಲ ವರ್ಷದ ಭೌತಶಾಸ್ತ್ರದ ಮೇಲೆ ಇನ್ನೊಂದು ಪರೀಕ್ಷೆ ನಡೆಸಿದ ವರದಿ ಬಂತು. ಒಂದು ಗುಂಪಿಗೆ ಸೊಗಸಾದ ಉಪನ್ಯಾಸ. ಇನ್ನೊಂದು ಗುಂಪಿಗೆ ಅದೇ ಪಾಠ, ಆದರೆ ತಾವೇ ಲೆಕ್ಕದ ಜೊತೆ ಗುದ್ದಾಡಬೇಕು. ಕೊನೆಗೆ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗುದ್ದಾಡಿದವರಿಗೆ. ಆದರೆ ಹೆಚ್ಚು ಕಲಿತೆವು ಎಂದು ಹೇಳಿಕೊಂಡವರು ಉಪನ್ಯಾಸ ಕೇಳಿದವರು!

ಇದರ ಅರ್ಥವೇನು? ಪಾಠ ಸರಾಗವಾಗಿ ಹೋಯಿತು ಎನಿಸಿದರೆ ಕಲಿತಂತೆ ಅಲ್ಲ. ತಲೆ ಬಿಸಿಯಾಯಿತು ಎನಿಸಿದರೆ ಕಲಿಯಲಿಲ್ಲ ಎಂದೂ ಅಲ್ಲ. ಈಗ ನ್ಯಾಕ್ ಮೌಲ್ಯಮಾಪನಕ್ಕಾಗಿ ಕಾಲೇಜುಗಳು ವಿದ್ಯಾರ್ಥಿಗಳಿಂದ ಅಭಿಪ್ರಾಯದ ಹಾಳೆ ತುಂಬಿಸಿಕೊಳ್ಳುತ್ತವೆ. ತುಂಬ ಚೆನ್ನ, ಚೆನ್ನ, ಸಾಧಾರಣ ಎಂದು ಗೀಟು ಹಾಕಿ ಕೊಡುವುದಷ್ಟೇ ಆದರೆ ಅದು ಮೇಷ್ಟ್ರ ಮಾತುಗಾರಿಕೆಗೆ ಕೊಟ್ಟ ಅಂಕವಾದೀತು. ಮಕ್ಕಳಿಗೆ ಖಚಿತವಾಗಿ ಗೊತ್ತಿರುವ ಸಂಗತಿಗಳು ಬೇರೆ ಇವೆ: ಪ್ರಯೋಗವನ್ನು ಎಷ್ಟು ಬಾರಿ ನಾನೇ ಕೈಯಾರೆ ಮಾಡಿದೆ? ಪ್ರಶ್ನೆ ಕೇಳಲು ಸಮಯ ಸಿಕ್ಕಿತೇ? ಕನ್ನಡದಲ್ಲಿ ಕೇಳಿದರೆ ಉತ್ತರ ಬಂತೇ? ತಿದ್ದಿದ ಉತ್ತರಪತ್ರಿಕೆಯಲ್ಲಿ ತಪ್ಪು ಎಲ್ಲಿ ಎಂದು ತೋರಿಸಿದರೇ? ಈ ನಾಲ್ಕಕ್ಕೆ ಮಕ್ಕಳು ಕೊಡುವ ಉತ್ತರವನ್ನು ಕಣ್ಣು ಮುಚ್ಚಿ ನಂಬಬಹುದು.

ಅಧ್ಯಾಪಕರ ಕಷ್ಟವನ್ನೂ ಮರೆಯಬಾರದು. ಒಂದೇ ತರಗತಿಯಲ್ಲಿ ಸಿಇಟಿ ಬರೆದು ಎಂಜಿನಿಯರಿಂಗ್ ಸೀಟು ಸಿಗದೆ ಬಂದವನು, ಮನೆಗೆ ಹತ್ತಿರವೆಂದು ಬಂದವಳು, ಭೌತಶಾಸ್ತ್ರವೇ ಬೇಕೆಂದು ಬಂದವರು ಒಬ್ಬಿಬ್ಬರು ಕೂತಿರುತ್ತಾರೆ. ಸೆಮಿಸ್ಟರ್ ಓಡುತ್ತಿರುತ್ತದೆ. ಮಹಾ ಬೋಧಕ ಎನಿಸಿದ ರಿಚರ್ಡ್ ಫೈನ್‌ಮನ್ ಕೂಡ 1961ರಿಂದ 63ರವರೆಗೆ ಕ್ಯಾಲ್‌ಟೆಕ್‌ನಲ್ಲಿ ಆರಂಭದ ತರಗತಿಗಳಿಗೆ ಪಾಠ ಹೇಳಿ, ಆ ಉಪನ್ಯಾಸಗಳು ಜಗತ್ಪ್ರಸಿದ್ಧವಾದರೂ, ಪರೀಕ್ಷೆಯ ಉತ್ತರಗಳನ್ನು ನೋಡಿದರೆ ತನಗೆ ಸಮಾಧಾನವಿಲ್ಲ ಎಂಬ ಭಾವವನ್ನು ಪುಸ್ತಕದ ಮುನ್ನುಡಿಯಲ್ಲೇ ತೋಡಿಕೊಂಡರು.

ತಂದೆ ತಾಯಿಗಳಿಗೆ ಒಂದು ಮಾತು

ಮಗು ಮೊದಲ ಸೆಮಿಸ್ಟರಿನಲ್ಲಿ ತಿಳಿಯುತ್ತಿಲ್ಲ ಎಂದರೆ ಎರಡು ತಪ್ಪು ಉತ್ತರಗಳು ನಮ್ಮ ಬಾಯಲ್ಲಿ ಸಿದ್ಧವಾಗಿರುತ್ತವೆ. ಒಂದು, ಮೊದಲೇ ಹೇಳಿದ್ದೆ. ಇನ್ನೊಂದು, ಕಷ್ಟಪಟ್ಟು ಓದು. ಎರಡರ ಬದಲು ಕೇಳಿ: ಯಾವುದು ತಿಳಿಯುತ್ತಿಲ್ಲ? ಗಣಿತವೋ, ಭಾಷೆಯೋ, ಭೌತಶಾಸ್ತ್ರವೋ? ಮೂರಕ್ಕೂ ಬೇರೆ ಬೇರೆ ಮದ್ದು. ಗಣಿತಕ್ಕೆ ಎರಡು ವಾರದ ಅಭ್ಯಾಸ. ಭಾಷೆಗೆ ಪ್ರತಿ ಹೊಸ ಶಬ್ದವನ್ನೂ ಕನ್ನಡದಲ್ಲಿ ಅರ್ಥಮಾಡಿಕೊಂಡು ಇಂಗ್ಲಿಷಿನಲ್ಲಿ ಬರೆದಿಡುವ ಒಂದು ಸಣ್ಣ ನೋಟುಪುಸ್ತಕ. ಭೌತಶಾಸ್ತ್ರಕ್ಕೆ ಜೊತೆಗೆ ಕೂತು ವಾದಿಸಲು ಒಬ್ಬ ಗೆಳೆಯ ಅಥವಾ ಗೆಳತಿ. ಎಲ್ಲ ಆದ ಮೇಲೂ ಮನಸ್ಸು ಒಗ್ಗದಿದ್ದರೆ ವಿಷಯ ಬದಲಿಸುವುದೂ ಅವಮಾನವಲ್ಲ. ಆದರೆ ಒಂದು ಕಿರುಪರೀಕ್ಷೆಯ ಅಂಕ ನೋಡಿ ಆ ತೀರ್ಮಾನ ಮಾಡಬಾರದು.

ಅಣ್ಣನ ಮಗಳು ಬಿಟ್ಟಳೋ ಮುಂದುವರಿಸಿದಳೋ ಎಂದು ಕೇಳುತ್ತೀರಿ. ಮರುವಾರ ಲ್ಯಾಬಿನಲ್ಲಿ ಅದೇ ಕಂಬಿಯನ್ನು ಇನ್ನೊಮ್ಮೆ ತೂಗಿಸಲು ಅವಕಾಶ ಕೇಳಿದಳಂತೆ. ಈ ಸಲ ಇಪ್ಪತ್ತರ ಬದಲು ಐವತ್ತು ಓಲಾಟ ಎಣಿಸಿದಳು. ಎಣಿಕೆ ಹೆಚ್ಚಾದಷ್ಟೂ ಬೆರಳಿನ ತಪ್ಪು ಹಂಚಿಹೋಗುತ್ತದೆ ಎಂದು ಅವಳಿಗೇ ಹೊಳೆದಿತ್ತು. ಬಂದ ಉತ್ತರ 9.75. ತಿದ್ದಲಿಲ್ಲ. ಪಕ್ಕದಲ್ಲಿ 'ಹೆಚ್ಚು ಕಡಿಮೆ 0.05' ಎಂದು ಬರೆದಳು. ಮೇಷ್ಟ್ರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿ, ಏನೂ ಹೇಳದೆ ಸಹಿ ಹಾಕಿದರಂತೆ.

ಮುಂದಿನ ಸೆಮಿಸ್ಟರಿನಲ್ಲೂ ಅವಳು ಭೌತಶಾಸ್ತ್ರದಲ್ಲೇ ಇದ್ದಾಳೆ. ಈಗಲೂ ಗೊಣಗುತ್ತಾಳೆ. ಆದರೆ ಈಗಿನ ಗೊಣಗಾಟದಲ್ಲಿ ಪ್ರಶ್ನೆಗಳಿವೆ.